ಆರು ಗಂಟೆಯೊಳಗೆ ಹೇಳಬೇಕಾಗಿದ್ದ ಮಾತು

ಹೋದ ಚಳಿಗಾಲದಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿದಾಗ ಮಗಳು ಶುಭಾ ನಾಲ್ಕು ದಿನ ರಜೆ ಹಾಕಿ ಬಂದು ನನ್ನ ಜೊತೆ ಇದ್ದಳು. ಅವಳ ಮನೆ, ಕೆಲಸ ಎಲ್ಲ ಸ್ಯಾಕ್ರಮೆಂಟೋದಲ್ಲಿ. ನಾನು ಈಗಲೂ ಸಾಂಟಾ ಕ್ಲಾರಾದಲ್ಲೇ ಇದ್ದೇನೆ. ಆಪರೇಷನ್ ಆದ ಮಧ್ಯಾಹ್ನ ನನ್ನ ಕೈ ಒಣಗಿ ಬಿರುಕು ಬಿಟ್ಟಿದ್ದನ್ನು ನೋಡಿ, ಅಂಗಡಿಗೆ ಹೋಗಿ ಒಂದು ಡಬ್ಬಿ ಕೋಲ್ಡ್ ಕ್ರೀಮು ತಂದಳು. ಮುಚ್ಚಳ ತೆಗೆದು, ನನ್ನ ಪಕ್ಕ ಕೂತು, ಅಂಗೈಗೆ ಹಚ್ಚತೊಡಗಿದಳು. ಒಂದು ಕಣ್ಣಿಗೆ ಕಟ್ಟು ಹಾಕಿದ್ದರಿಂದಲೋ ಏನೋ, ಮೂಗು ಚುರುಕಾಗಿತ್ತು. ಆ ವಾಸನೆ ಬಂದದ್ದೇ ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಯಾಕಮ್ಮ, ಉರಿತಿದ್ಯಾ?" ಎಂದಳು.

"ಇಲ್ಲ, ಏನಿಲ್ಲ."

ಅವಳಿಗೆ ಆ ವಾಸನೆಯಿಂದ ಏನೂ ನೆನಪಾದಂತೆ ಕಾಣಲಿಲ್ಲ. ಡಬ್ಬಿ ಮುಚ್ಚಿಟ್ಟು ಅಡುಗೆಮನೆಗೆ ಹೋದಳು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆ. ಅವಳಿಗೆ ಹದಿನೆಂಟು ತುಂಬಿದ ಬೇಸಿಗೆಯಲ್ಲಿ ನಮ್ಮ ಮನೆಯೆಲ್ಲ ಇದೇ ವಾಸನೆ.

ಆಗ ಎಂಬತ್ತರ ದಶಕದ ನಡುಭಾಗ. ಎರಡಂತಸ್ತಿನ ಅಪಾರ್ಟ್‌ಮೆಂಟೊಂದರ ಮೇಲ್ಮನೆಯಲ್ಲಿ ನಾವು ಮೂವರೂ ಇದ್ದೆವು. ನಮ್ಮ ಯಜಮಾನರು ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ನಾನು ಹಾಸನದವಳು. ಮೂರು ವರ್ಷದ ಶುಭಾಳನ್ನು ಎತ್ತಿಕೊಂಡು ಈ ದೇಶಕ್ಕೆ ಬಂದು, ಆ ಹೊತ್ತಿಗೆ ಲೈಬ್ರರಿಯೊಂದರಲ್ಲಿ ಪುಸ್ತಕಗಳನ್ನು ಕಪಾಟಿಗೆ ಜೋಡಿಸುವ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದೆ. ಇಂಗ್ಲಿಷು ಓದಲು ಚೆನ್ನಾಗಿಯೇ ಬರುತ್ತಿತ್ತು. ಎದುರು ನಿಂತು ಮಾತಾಡುವವರದ್ದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಫೋನಿನಲ್ಲಿ ಬರುವ ಇಂಗ್ಲಿಷು ಮಾತ್ರ ಅರ್ಧಕ್ಕರ್ಧ ಸೋರಿಹೋಗುತ್ತಿತ್ತು.

ಶುಭಾ ಟ್ರಾಂಬೋನ್ ನುಡಿಸುತ್ತಿದ್ದಳು. ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತ ಊದುವ ಹಿತ್ತಾಳೆಯ ವಾದ್ಯ ಅದು. ಆರನೆಯ ಕ್ಲಾಸಿನಲ್ಲಿ ಇವಳ ತೋಳು ಉದ್ದವಾಗಿದೆ ಎಂಬ ಒಂದೇ ಕಾರಣಕ್ಕೆ ಶಾಲೆಯ ಮೇಷ್ಟರು ಅದನ್ನು ಕೈಗಿಟ್ಟಿದ್ದರು. ಕೊಳವೆ ಸರಾಗವಾಗಿ ಜಾರಲಿ ಎಂದು ಅದಕ್ಕೆ ಕೋಲ್ಡ್ ಕ್ರೀಮು ಸವರಿ, ಮೇಲೆ ನೀರು ಚಿಮುಕಿಸಬೇಕು. ನೀರಿಗೆ, ನಾನು ಇಸ್ತ್ರಿ ಮಾಡುವಾಗ ಬಳಸುವ ಬಾಟಲಿಯೇ ಆಗಬೇಕು ಅವಳಿಗೆ. ನಾನು ಸೀರೆ ಹರಡಿಕೊಂಡು ಬಾಟಲಿಗಾಗಿ ತಡಕಾಡಿದರೆ ಅದು ಅವಳ ಕೋಣೆಯಲ್ಲಿರುತ್ತಿತ್ತು.

ಆ ವರ್ಷ ನಮ್ಮೂರ ಪಕ್ಕದ ಸಮುದ್ರಕೊಲ್ಲಿಯ ಆಚೆ ದಡದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತು. ಸೀಟು ಸಿಕ್ಕಿದ್ದಕ್ಕೆ ನಾನೂ ಯಜಮಾನರೂ ಹಿಗ್ಗಿದೆವು. ಅವಳ ಮನಸ್ಸೆಲ್ಲ ಅಲ್ಲಿನ ಬ್ಯಾಂಡಿನ ಮೇಲೆ. ಫುಟ್‌ಬಾಲ್ ಪಂದ್ಯದ ನಡುವೆ ಮೈದಾನಕ್ಕಿಳಿದು, ವಾದ್ಯ ನುಡಿಸುತ್ತಲೇ ಸಾಲುಸಾಲಾಗಿ ಹೆಜ್ಜೆ ಹಾಕುವ ತಂಡ ಅದು. ಸೇರಬೇಕೆಂದು ಬರುವವರು ನೂರಾರು ಮಂದಿ, ತೆಗೆದುಕೊಳ್ಳುವುದು ಕೆಲವರನ್ನು. ಆಗಸ್ಟ್ ಕೊನೆಯಲ್ಲಿ ಆಯ್ಕೆ. ಅದಕ್ಕೆ ಜೂನ್‌ನಿಂದಲೇ ತಯಾರಿ ನಡೆಯಿತು.

ಮನೆಯೊಳಗೆ ಊದಿದರೆ ಕೆಳಮನೆಯವರು ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಆಗಿನ್ನೂ ಏಪ್ರಿಕಾಟ್ ಮರಗಳ ಒಂದು ತೋಟ ಉಳಿದಿತ್ತು. ಸುತ್ತಲೂ ಆಫೀಸುಗಳು ಎದ್ದಿದ್ದವು. ಅದೊಂದು ತುಂಡು ನೆಲವನ್ನು ಮಾತ್ರ ಅದರ ಮುದುಕ ಯಜಮಾನ ಮಾರಿರಲಿಲ್ಲ. ಶುಭಾ ಹೋಗಿ ಅವನನ್ನು ಕೇಳಿದಳು. ಧಾರಾಳವಾಗಿ ಊದು ತಾಯಿ, ನಿನ್ನ ಸದ್ದಿಗೆ ಹಕ್ಕಿಗಳು ಹಣ್ಣಿನ ತಂಟೆಗೆ ಬರುವುದಿಲ್ಲ ಎಂದನಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ಬೆಳಗ್ಗೆ ಏಳಕ್ಕೆ ಹೋದರೆ ಒಂಬತ್ತರವರೆಗೆ ಮರಗಳ ನಡುವೆ ನಿಂತು ಊದುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ಮೊದಮೊದಲು ಅದು ನನಗೆ ಬರೀ ಗದ್ದಲ. ಜುಲೈ ಹೊತ್ತಿಗೆ, ಎಲ್ಲಿ ತಪ್ಪಿದಳು, ಎಲ್ಲಿ ಸರಿಯಾಯಿತು ಎನ್ನುವುದು ನನಗೂ ತಿಳಿಯತೊಡಗಿತು.

ಹೆಜ್ಜೆಯ ಅಭ್ಯಾಸಕ್ಕೆ ಮಾತ್ರ ನಾನು ಬೇಕಾಗಿದ್ದೆ. ಐದು ಗಜಕ್ಕೆ ಸರಿಯಾಗಿ ಎಂಟು ಹೆಜ್ಜೆ. ಅಂದರೆ ಒಂದೊಂದು ಹೆಜ್ಜೆ ಇಪ್ಪತ್ತೆರಡೂವರೆ ಅಂಗುಲ. ನೋಡದೆಯೇ ಕಾಲಿಗೆ ಆ ಅಳತೆ ಗೊತ್ತಾಗಬೇಕು. ಕಾರು ನಿಲ್ಲಿಸುವ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಲು ಹೊರಟವಳನ್ನು ತಡೆದು, ನಾನು ಹೊಲಿಗೆಯ ಟೇಪು ಮತ್ತು ರಂಗೋಲಿ ಪುಡಿ ತಂದೆ. ಅಳೆದು ಅಳೆದು ಸಣ್ಣ ಎಳೆಗಳನ್ನು ಬಿಟ್ಟೆ.

"ವಾವ್ ಅಮ್ಮ, ಎಷ್ಟು ಸ್ಟ್ರೇಟ್ ಆಗಿ ಹಾಕ್ತೀಯ" ಎಂದಳು.

"ನಿಮ್ಮಜ್ಜಿ ಕಲಿಸಿದ್ದು ಕಣೇ. ಹೂಂ, ನಡಿ. ನಾನು ಎಣಿಸ್ತೀನಿ."

ಅವಳು ಟ್ರಾಂಬೋನ್ ಎತ್ತಿ ಹಿಡಿದು, ಮೊಣಕಾಲು ಸೊಂಟದವರೆಗೆ ಎತ್ತಿ ಹೆಜ್ಜೆ ಹಾಕುತ್ತಿದ್ದಳು. ನಾನು ಪಕ್ಕದಲ್ಲೇ ಸೆರಗು ಸಿಕ್ಕಿಸಿಕೊಂಡು ನಡೆಯುತ್ತ, ಒಂದು ಎರಡು ಮೂರು ನಾಲ್ಕು ಎಂದು ಎಂಟರವರೆಗೆ ಎಣಿಸುತ್ತಿದ್ದೆ. ಕನ್ನಡದಲ್ಲಿ ಎಣಿಸಿದರೆ ತಾಳ ಕೆಡುತ್ತದೆ ಎಂದು ಮೊದಲು ಗೊಣಗಿದಳು, ಆಮೇಲೆ ಅವಳೂ ಹಾಗೇ ಎಣಿಸತೊಡಗಿದಳು. ಆ ಬೇಸಿಗೆಯಲ್ಲಿ ನಾವಿಬ್ಬರೂ ಇದ್ದ ಹಾಗೆ ಅದಕ್ಕೆ ಮುಂಚೆ ಇದ್ದಿರಲಿಲ್ಲ, ಆಮೇಲೂ ಇರಲಿಲ್ಲ. ಅದಕ್ಕೇ ನಾನು ಮಾಡಿದ್ದು ನನಗೇ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಆಗಸ್ಟ್ ಮೊದಲಲ್ಲಿ ಇವರು ಮಲೇಷ್ಯಾದ ಫ್ಯಾಕ್ಟರಿಗೆ ಆರು ವಾರದ ಕೆಲಸದ ಮೇಲೆ ಹೋದರು. ಒಂದು ಶನಿವಾರ ನಾನು ಮಂಡ್ಯದ ಲಲಿತಕ್ಕನ ಕಾರಿನಲ್ಲಿ ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿದ್ದೆ. ಲಲಿತಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಬಸ್ಸು ಹತ್ತುವುದರಿಂದ ಹಿಡಿದು ಎಲ್ಲ ಕಲಿಸಿದವರು. ದಾರಿಯ ಎರಡೂ ಬದಿ ಬೆಟ್ಟಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು.

"ಬ್ಯಾಂಡು ಅಂದ್ರೆ ಊರೂರಿಗೆ ಹೋಗೋದಿರತ್ತಲ್ವಾ ಸರೋಜಾ?" ಎಂದರು ಲಲಿತಕ್ಕ. "ಬಸ್ಸಲ್ಲಿ ಹುಡುಗರು ಹುಡುಗೀರು ಎಲ್ಲ ಒಟ್ಟಿಗೆ. ಹೋಟ್ಲಲ್ಲಿ ಉಳ್ಕೋತಾರೆ. ಕೇಳಿದೀಯಾ ಅವಳನ್ನ?"

"ಇಲ್ಲ ಅಕ್ಕ, ಕೇಳಿಲ್ಲ."

"ಕೇಳು. ಆಮೇಲೆ ನಾವು ಹೇಳಿದ್ದು ಕಿವಿಗೇ ಹಾಕ್ಕೊಳಲ್ಲ ಇವು."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ವಾರ ಮಲೇಷ್ಯಾದಿಂದ ಇವರು ಫೋನ್ ಮಾಡಿದಾಗ ನಾನು ಅದನ್ನೇ ಎತ್ತಿದೆ. "ಅವಳಿಗೆ ಇಷ್ಟ ಇದ್ರೆ ಮಾಡ್ಲಿ ಬಿಡೆ. ಓದಿನಲ್ಲಿ ಎಂದಾದ್ರೂ ಹಿಂದೆ ಬಿದ್ದಿದಾಳಾ?" ಎಂದರು. ಹಾಗಾಗಿ ಮುಂದೆ ನಡೆದುದಕ್ಕೆ ಲಲಿತಕ್ಕನನ್ನಾಗಲಿ ಇವರನ್ನಾಗಲಿ ದೂರುವ ಹಾಗಿಲ್ಲ.

ಆಯ್ಕೆಯ ದಿನ ಶುಕ್ರವಾರ. ನಾನೇ ಕಾರು ಓಡಿಸಿಕೊಂಡು ಹೋದೆ. ಸಾಂಟಾ ಕ್ಲಾರಾದಲ್ಲಿ ಬೆಳಗ್ಗೆಯೇ ಬಿಸಿಲು. ಅಲ್ಲಿ ತಲುಪುವಾಗ ಮಂಜು ಕವಿದು, ಸ್ವೆಟರಿನ ಮೇಲೂ ಸೆರಗು ಹೊದ್ದುಕೊಳ್ಳುವಷ್ಟು ಚಳಿ. ಅವಳಿಗಿಷ್ಟವೆಂದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡಿದ್ದೆ. ಕಾರು ನಿಲ್ಲಿಸಿ ನಾನೂ ಇಳಿಯಲು ಹೋದಾಗ ಅವಳು ನನ್ನ ಸೀರೆಯನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದಳು.

"ಅಮ್ಮ, ಪ್ಲೀಸ್. ನೀನು ಕಾರಲ್ಲೇ ಇರು. ಓಕೆ?"

"ಆಯ್ತು, ಹೋಗು" ಎಂದೆ.

ಮೊದಲ ಭಾಗ ಕಟ್ಟಡದೊಳಗೆ. ಒಬ್ಬೊಬ್ಬರನ್ನೇ ಕರೆದು ನುಡಿಸಲು ಹೇಳುವುದು, ಕಂಡೇ ಇರದ ಸ್ವರಲಿಪಿಯ ಹಾಳೆಯೊಂದನ್ನು ಎದುರಿಟ್ಟು ಓದಿ ನುಡಿಸುವಂತೆ ಕೇಳುವುದು. ಎರಡನೆಯ ಭಾಗ ಹೆಜ್ಜೆಯದು. ಅದಕ್ಕೆ ಅವರನ್ನೆಲ್ಲ ಹೊರಗೆ, ನಾನು ಕಾರು ನಿಲ್ಲಿಸಿದ್ದ ಬಯಲಿನ ಇನ್ನೊಂದು ತುದಿಗೇ ಕರೆತಂದರು. ಗಾಜಿನ ಮೇಲಿನ ಹಬೆ ಒರೆಸಿ ನೋಡಿದೆ. ಎಂಟು ಮಂದಿಯ ಸಾಲಿನಲ್ಲಿ ಇವಳು ಮೂರನೆಯವಳು. ಕೂಗು ಬಿದ್ದ ಕೂಡಲೇ ಎಲ್ಲರ ವಾದ್ಯಗಳೂ ಒಟ್ಟಿಗೆ ಮೇಲೆದ್ದವು. ಕೆಲವರ ಹೆಜ್ಜೆ ಮುಂದಾಯಿತು, ಕೆಲವರದ್ದು ಹಿಂದಾಯಿತು. ಶುಭಾಳದ್ದು ಒಂದೂ ತಪ್ಪಲಿಲ್ಲ. ಕಾರಿನೊಳಗೆ ಕೂತು ನಾನು ಎಂಟೆಂಟು ಎಣಿಸುತ್ತಿದ್ದೆ, ಅವಳ ಕಾಲು ನನ್ನ ಎಣಿಕೆಗೆ ಬೀಳುತ್ತಿತ್ತು.

ಆಮೇಲೆ ಅವರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತರು. ಯಾರೋ ಪಿಜ್ಜಾ ಡಬ್ಬಗಳನ್ನು ತಂದರು. ಪಕ್ಕದ ಹುಡುಗ ಏನೋ ಹೇಳಿದ. ಶುಭಾ ತಲೆ ಹಿಂದಕ್ಕೆ ಎಸೆದು ನಕ್ಕಳು. ಅವಳು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಂದು ಗಂಟೆ ಕೂತಿದ್ದಳು. ಒಂದು ಸಲವೂ ಕಾರಿನ ಕಡೆ ತಿರುಗಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತಾಡಿದಳು, ಎಷ್ಟು ವೇಗವಾಗಿ ಎಂದರೆ ನನಗೆ ಅರ್ಧವೂ ಹಿಡಿಯಲಾಗಲಿಲ್ಲ. ಚಿತ್ರಾನ್ನದ ಡಬ್ಬಿ ಹಿಂದಿನ ಸೀಟಿನಲ್ಲಿ ಹಾಗೇ ಇತ್ತು.

ನುಡಿಸಿದ್ದು ಪೂರ್ತಿ ಒಪ್ಪಿಗೆಯಾದವರ ಹೆಸರನ್ನು ಸೋಮವಾರ ಬಾಗಿಲಿಗೆ ಅಂಟಿಸುತ್ತಾರೆ, ಇನ್ನೊಮ್ಮೆ ಕೇಳಬೇಕು ಎನಿಸಿದವರಿಗೆ ಶನಿವಾರವೇ ಫೋನ್ ಮಾಡುತ್ತಾರೆ ಎಂದಷ್ಟು ಅವಳ ಮಾತಿನಿಂದ ತಿಳಿಯಿತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ಶುಭಾ ಐಸ್‌ಕ್ರೀಮ್ ಅಂಗಡಿಯ ಬೇಸಿಗೆ ಕೆಲಸಕ್ಕೆ ಹೋಗಿದ್ದಳು. ಗಂಡಸಿನ ದನಿ, ವಿಶ್ವವಿದ್ಯಾಲಯದ ಬ್ಯಾಂಡಿನವನು. ನಾನು ಅವಳ ತಾಯಿ ಎಂದೆ. ಅವನು ಸಂತೋಷದಿಂದ ಏನೇನೋ ಹೇಳಿದ. ನಾನು ಯೆಸ್, ಯೆಸ್ ಎನ್ನುತ್ತಿದ್ದೆ. ಕೊನೆಗೆ ನಿಧಾನವಾಗಿ ಹೇಳಿದ ಮಾತು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಟ್ರಾಂಬೋನಿಗೆ ಒಂದು ಜಾಗ ಉಳಿದಿದೆ, ಇಬ್ಬರಿದ್ದಾರೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಇಬ್ಬರನ್ನೂ ಮತ್ತೆ ಕೇಳುತ್ತೇವೆ. ಬರುವುದಾದರೆ ಇವತ್ತು ಸಂಜೆ ಆರರೊಳಗೆ ಫೋನ್ ಮಾಡಿ ತಿಳಿಸಬೇಕು. ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ನಾನು ದಿನಸಿ ಚೀಟಿಯ ಹಿಂದೆ ನಂಬರು ಬರೆದುಕೊಂಡು, ಅವನಿಗೆ ಓದಿ ಹೇಳಿ, ಥ್ಯಾಂಕ್ಯೂ ಎಂದೆ.

ಐಸ್‌ಕ್ರೀಮ್ ಅಂಗಡಿಗೆ ಫೋನ್ ಮಾಡಿ ಹೇಳಬಹುದಿತ್ತು. ಆ ನಂಬರು ಗೋಡೆಯ ಮೇಲೇ ಅಂಟಿಸಿತ್ತು. ಮಾಡಲಿಲ್ಲ. ಅವಳು ಬರಲಿ, ಎದುರಿಗೇ ಹೇಳೋಣ ಎಂದುಕೊಂಡೆ. ಅಕ್ಕಿ ತೊಳೆದೆ. ಬೀನ್ಸ್ ಹೆಚ್ಚಿದೆ. ಕಣ್ಣೆದುರಿಗೆ ಆ ಕಟ್ಟೆ, ಆ ನಗು.

ಐದೂಕಾಲಿಗೆ ಬಂದಳು. ಶೂಸು ಕೂಡ ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಯಾರಾದ್ರೂ ಫೋನ್ ಮಾಡಿದ್ರಾ?"

"ಇಲ್ಲ" ಎಂದೆ.

ಬಾಯಿ ತಪ್ಪಿ ಬಂತು ಎಂದರೆ ಅದು ಸುಳ್ಳು. ಎರಡು ಗಂಟೆಗೂ ಮಿಕ್ಕಿ ಯೋಚಿಸಿದ್ದೆ. ಅವಳ ಒಳ್ಳೆಯದಕ್ಕೇ, ಬಸ್ಸು ಹೋಟೆಲ್ಲು ಎಂದು ತಿರುಗುವ ಹೆಣ್ಣು ಮಗುವನ್ನು ಕಾಪಾಡುವುದಕ್ಕೇ ಹಾಗೆಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ನಾನಿಲ್ಲದ ಕಡೆ ಅವಳು ಅಷ್ಟು ಸಂತೋಷವಾಗಿರುವುದನ್ನು ಕಂಡು ನನಗೆ ಸಹಿಸಲಾಗಲಿಲ್ಲ. ಕಾರಲ್ಲೇ ಇರು ಎಂದಳಲ್ಲ, ಅದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಅಷ್ಟೇ ವಿಷಯ. ಬರೆಯಲು ನಾಚಿಕೆಯಾಗುತ್ತದೆ.

ಆರಕ್ಕಿನ್ನೂ ಮುಕ್ಕಾಲು ಗಂಟೆ ಇತ್ತು. ಅವಳು ಸೋಫಾದ ತುದಿಯಲ್ಲಿ, ಫೋನಿನ ಪಕ್ಕದಲ್ಲೇ ಕೂತಳು. ಸಾರಿಗೆ ಒಗ್ಗರಣೆ ಹಾಕುತ್ತ, ಅದು ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ತಟ್ಟೆ ಹಾಕುವಾಗ ಹೇಳುತ್ತೇನೆ ಎಂದುಕೊಂಡೆ. ಆರು ಹೊಡೆದು ಹತ್ತು ನಿಮಿಷಕ್ಕೆ ಆ ಚೀಟಿಯನ್ನು ಕಾಫಿ ಗಷ್ಟಿನ ಜೊತೆ ಕಸದ ಚೀಲಕ್ಕೆ ಹಾಕಿದೆ.

ಸೋಮವಾರ ಅವಳನ್ನು ಕರೆದುಕೊಂಡು ಹೋದವಳೂ ನಾನೇ. ಒಂದು ಗಂಟೆಯ ದಾರಿ. ಹೆಸರು ಇರುವುದಿಲ್ಲ ಎಂದು ಗೊತ್ತಿದ್ದೂ ಕಾರು ಓಡಿಸಿದೆ. ಈ ಸಲ ಅವಳೇ "ನೀನೂ ಬಾ ಅಮ್ಮ" ಎಂದಳು. ಬಾಗಿಲ ಮೇಲೆ ಟೈಪು ಮಾಡಿದ ಎರಡು ಹಾಳೆ. ಅವಳು ಬೆರಳಿಟ್ಟು ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲಕ್ಕೆ ಓದಿದಳು. ಅಳಲಿಲ್ಲ. ಹಾಳೆಯಿಂದ ಬೆರಳು ತೆಗೆದು ಹೇಳಿದಳು:

"ಒಳಗೆ ಹೋಗಿ ಕೇಳ್ತೀನಿ. ಎಲ್ಲಿ ತಪ್ಪಾಯ್ತು ಅಂತ. ನೆಕ್ಸ್ಟ್ ಇಯರ್ ಮತ್ತೆ ಟ್ರೈ ಮಾಡಬಹುದಂತೆ."

ಬಾಗಿಲು ಅರೆ ತೆರೆದಿತ್ತು. ಒಳಗೆ ಮೇಜಿನ ಹಿಂದೆ ಕನ್ನಡಕದ ಗಂಡಸೊಬ್ಬ ಫೋನಿನಲ್ಲಿ ಮಾತಾಡುತ್ತಿದ್ದ. ದನಿ ಅದೇ. ನಾನು ಶುಭಾಳ ಮುಂಗೈ ಹಿಡಿದೆ.

"ಬೇಡ ಕಣೇ. ಬೇಡ ಅಂದವರ ಹತ್ರ ಹೋಗಿ ಗೋಗರೀಬಾರದು. ಬಾ, ಟ್ರಾಫಿಕ್ ಶುರುವಾಗತ್ತೆ."

ಅವಳು ನನ್ನ ಮುಖ ನೋಡಿದಳು. ನನ್ನ ಮಾತಿನಲ್ಲಿ ನಂಬಿಕೆಯಿಟ್ಟೇ ನೋಡಿದಳು. ಆಮೇಲೆ ನನ್ನ ಜೊತೆ ಬಂದಳು. ಫೋನಿನ ವಿಷಯ ಮುಚ್ಚಿಟ್ಟದ್ದಕ್ಕಿಂತ, ಆ ಬಾಗಿಲಿನಿಂದ ಅವಳನ್ನು ತಿರುಗಿಸಿ ಕರೆತಂದದ್ದು ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದರಿಂದ ಒಂದು ವರ್ಷ ಹೋಯಿತು. ಎರಡನೆಯದರಿಂದ, ತಾನು ಸಾಲದವಳು ಎಂದು ಅವಳು ತೀರ್ಮಾನಿಸಿಬಿಟ್ಟಳು.

ಸೆಪ್ಟೆಂಬರಿನಲ್ಲಿ ಹಾಸ್ಟೆಲಿಗೆ ಹೋದಳು. ಟ್ರಾಂಬೋನ್ ಒಯ್ಯಲಿಲ್ಲ. ಮರುವರ್ಷ ಮತ್ತೆ ಹೋಗುವ ಮಾತೆತ್ತಲಿಲ್ಲ. ನಾನೇ ಒಮ್ಮೆ, ಧೈರ್ಯ ಮಾಡಿ, "ಈ ಸಲ ಹೋಗಲ್ವೇನೇ?" ಎಂದೆ. "ನಾನು ಅಷ್ಟು ಗುಡ್ ಇಲ್ಲಮ್ಮ" ಎಂದಳು. ವಾದ್ಯವನ್ನು ತನ್ನ ಹಳೆಯ ಶಾಲೆಗೆ ಕೊಟ್ಟುಬಿಟ್ಟಳು. ಓದಿ, ಫಾರ್ಮಸಿ ಮಾಡಿ, ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ಚೆನ್ನಾಗಿಯೇ ಇದ್ದಾಳೆ. ಆದರೆ ಮೇಲಿನ ಹುದ್ದೆ ಖಾಲಿಯಾದಾಗ ಎರಡು ಸಲವೂ ಅರ್ಜಿ ಹಾಕಲಿಲ್ಲ. ಹಾಕು ಎಂದರೆ ಹೇಗಿದ್ದರೂ ಸಿಗುವುದಿಲ್ಲ ಎನ್ನುತ್ತಿದ್ದಳು. ಅವಳ ಅಪ್ಪ, "ಇವಳಿಗೆ ಯಾಕೆ ತನ್ನ ಮೇಲೆ ಇಷ್ಟು ಅನುಮಾನ" ಎಂದು ಕೇಳುತ್ತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅವರು ಹೋಗಿ ಒಂಬತ್ತು ವರ್ಷವಾಯಿತು. ಅವರಿಗೂ ಹೇಳಲಿಲ್ಲ.

ಕಣ್ಣಿನ ಆಪರೇಷನ್ ಆದ ಮರುದಿನ ಬೆಳಗ್ಗೆ ಡಾಕ್ಟರಿಗೆ ತೋರಿಸಲು ಶುಭಾ ನನ್ನನ್ನು ಕಾರಿನಲ್ಲಿ ಕರೆದೊಯ್ದಳು. ಇಪ್ಪತ್ತು ನಿಮಿಷ ಮೊದಲೇ ತಲುಪಿದೆವು. ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಇಲ್ಲೇ ಕೂರೋಣ, ಒಳಗೆ ಹೀಟರು ಜಾಸ್ತಿ ಇರುತ್ತದೆ ಎಂದಳು. ನಾನು ಮುಂದಿನ ಗಾಜನ್ನೇ ನೋಡುತ್ತ ಹೇಳಿದೆ.

"ಆ ವರ್ಷ ಬ್ಯಾಂಡಿನವರು ನಿನಗೆ ಫೋನ್ ಮಾಡಿದ್ದರು ಕಣೇ. ನಾನು ನಿನಗೆ ಹೇಳಲಿಲ್ಲ."

"ಯಾವ ಬ್ಯಾಂಡ್?" ಎಂದಳು. ಕೇಳುವಾಗಲೇ ಅವಳಿಗೆ ನೆನಪಾಗಿತ್ತು.

ಎಲ್ಲ ಹೇಳಿದೆ. ಶನಿವಾರ, ಚೀಟಿ, ಆರು ಗಂಟೆ, ಮೇಜಿನ ಹಿಂದೆ ಕೂತಿದ್ದ ಆ ಗಂಡಸು. ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಹೇಳಬೇಕಾದ್ದನ್ನು ಎಷ್ಟೋ ವರ್ಷದಿಂದ ಒಳಗೇ ಬರೆದು ಅಳಿಸಿ ಇಟ್ಟುಕೊಂಡಿದ್ದೆ. ಅವಳು ಅದನ್ನು ಕೇಳಲೇ ಇಲ್ಲ.

"ಅವ್ರು ಏನಂದ್ರು?" ಎಂದಳು.

"ಭಾನುವಾರ ಒಂಬತ್ತಕ್ಕೆ ಬರಬೇಕು ಅಂತ..."

"ಅದಲ್ಲಮ್ಮ. ನನ್ನ ಪ್ಲೇಯಿಂಗ್ ಬಗ್ಗೆ. ಏನಾದ್ರೂ ಅಂದ್ರಾ? ಅವ್ರು ಹೇಳಿದ ಹಾಗೇ ಹೇಳು."

"ಅಂದರು. ಮೊದಲು ನಿನ್ನ ಬಗ್ಗೆಯೇ ಅಂದರು. ತುಂಬ ಹೊತ್ತು. ನನಗೆ ಅದು ಹಿಡೀಲಿಲ್ಲ ಶುಭಾ. ನಿನ್ನ ಸೌಂಡು ಏನೋ ಅಂದರು. ಆ ಪದ ನನಗೆ ಗೊತ್ತಿರಲಿಲ್ಲ."

ಅವಳು ನನ್ನ ಕಡೆ ತಿರುಗಿ ಕೂತಳು. ಅರ್ಧ ನರೆತ ಕೂದಲು, ಓದುವ ಕನ್ನಡಕ ಕೊರಳಲ್ಲಿ.

"'ವಾರ್ಮ್' ಅಂದ್ರಾ?"

"ಗೊತ್ತಿಲ್ಲಮ್ಮ."

"'ರೌಂಡ್'? 'ಬಿಗ್, ರೌಂಡ್ ಸೌಂಡ್' ಅಂತಾರೆ. ಹಾಗೇನಾದ್ರೂ?"

"ನೆನಪಿಲ್ಲ."

"'ರೆಸನೆಂಟ್'?"

ಪ್ರತಿ ಸಲವೂ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಹೌದು, ಅದೇ ಎಂದುಬಿಟ್ಟಿದ್ದರೆ ಅವಳಿಗೆ ಒಂದು ಪದವಾದರೂ ಸಿಗುತ್ತಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಈ ವಿಷಯದಲ್ಲಿ ಅವಳಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತ ಹೋದೆ. ಐದಾರು ಪದಗಳಾದ ಮೇಲೆ ಅವಳು ಮುಂದಕ್ಕೆ ತಿರುಗಿ ಕೂತಳು. ಗಡಿಯಾರ ನೋಡಿ, ಇಳಿದು, ಈ ಕಡೆ ಸುತ್ತಿ ಬಂದು ಬಾಗಿಲು ತೆಗೆದು, ಮೆಟ್ಟಿಲಿದೆ ನೋಡಿಕೋ ಎಂದು ನನ್ನ ತೋಳು ಹಿಡಿದುಕೊಂಡಳು.

ಉಳಿದ ಎರಡು ದಿನವೂ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಡ್ರಾಪ್ಸ್ ಹಾಕಿದಳು, ಅನ್ನ ಮಾಡಿದಳು, ಹೊರಡುವಾಗ ಫ್ರಿಜ್ಜಿನಲ್ಲಿ ಒಂದು ವಾರಕ್ಕಾಗುವಷ್ಟು ಸಾರು ಇಟ್ಟಳು. ಬೈಯಲಿಲ್ಲ. ಈಗಲೂ ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ಮೊದಲು ಆ ಮಾತುಗಳಲ್ಲಿ ಅವಳ ಅರೆಬರೆ ಕನ್ನಡ ಇರುತ್ತಿತ್ತು, ನನಗೋಸ್ಕರ ಎಂದೇ ತಡಕಾಡಿ ಆಡುತ್ತಿದ್ದ ಕನ್ನಡ. ಈಗ ಬರೀ ಇಂಗ್ಲಿಷು. ಬೇಕೆಂದೇ ಹಾಗೆ ಮಾಡುತ್ತಾಳೋ, ಅವಳಿಗೆ ಗೊತ್ತಿಲ್ಲದೆಯೇ ಹಾಗಾಗಿದೆಯೋ, ನನಗೆ ತಿಳಿಯದು. ಕೇಳುವ ಮುಖವೂ ನನಗಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು, ಒಂದು ಪದವೂ ತಪ್ಪಿಹೋಗದ ಹಾಗೆ ಕೇಳಿಸಿಕೊಳ್ಳುತ್ತೇನೆ.